ಎರೆ ನೆಲದ ಹತ್ತಿ, ಕಡಲ ದೀಪ

ಹುಬ್ಬಳ್ಳಿ-ಧಾರವಾಡಗಳ ಇತಿಹಾಸವನ್ನು ಹೇಳುವವರು ಮಠಮಂದಿರಗಳನ್ನು ನೆನೆಯುತ್ತಾರೆ, ಪೇಟೆ-ಗಿರಣಿಗಳನ್ನು ನೆನೆಯುತ್ತಾರೆ, ವಿದ್ಯಾವರ್ಧಕ ಸಂಘವನ್ನೂ ರೇಲ್ವೆಯ ಕಾರಖಾನೆಯನ್ನೂ ಅಭಿಮಾನದಿಂದ ನೆನೆಯುತ್ತಾರೆ. ಆದರೆ ಕಡಲನ್ನು ನೆನೆಯುವವರು ವಿರಳ. ಸಹ್ಯಾದ್ರಿಯ ದಟ್ಟವಾದ ಅರಣ್ಯವನ್ನು ನಡುವೆ ಇಟ್ಟುಕೊಂಡು, ಅಲೆಯ ಸಪ್ಪಳವೂ ಉಪ್ಪುಗಾಳಿಯೂ ಬಂದು ಮುಟ್ಟದಷ್ಟು ದೂರದಲ್ಲಿ, ಉಣಕಲ್ಲ ಕೆರೆ ಕೆಲಗೇರಿ ಕೆರೆಗಳಿಗಿಂತ ಹಿರಿದಾದ ಜಲರಾಶಿಯನ್ನು ತಮ್ಮ ಎಲ್ಲೆಯೊಳಗೆ ಕಾಣದೆ ಬೆಳೆದ ಈ ಜೋಡಿ ನಗರಗಳಿಗೂ ನಾವೆಗಳ ದೀಪಕ್ಕೂ ಏನು ಸಂಬಂಧವೆಂದು ಕೇಳುವದು ಸಹಜವೇ ಆಗಿದೆ. ಆದರೂ ಕಾರವಾರದ ಬಂದರಕ್ಕೆ ಎದುರಾಗಿ, ದೇವಗಡ ದ್ವೀಪದ ನೆತ್ತಿಯಲ್ಲಿ 1864ರಲ್ಲಿ ಹೊತ್ತಿಕೊಂಡ ದೀಪಸ್ತಂಭವು ಯಾರ ಹಿತಕ್ಕಾಗಿ ಎದ್ದಿತೆಂದು ವಿಚಾರಿಸುತ್ತ ಹೋದರೆ, ಆ ವಿಚಾರಣೆಯು ನಮ್ಮನ್ನು ಕಡಲದಂಡೆಯಲ್ಲಿ ನಿಲ್ಲಗೊಡದೆ, ಅರಬೈಲ ಘಟ್ಟವನ್ನು ಹತ್ತಿಸಿ, ಯಲ್ಲಾಪುರ ಕಲಘಟಗಿಗಳನ್ನು ದಾಟಿಸಿ, ಹುಬ್ಬಳ್ಳಿಯ ಅಡತಿ ಅಂಗಡಿಗಳಿಗೂ ನವಲಗುಂದ-ಗದಗುಗಳ ಎರೆಯ ಹೊಲಗಳಿಗೂ ತಂದು ಮುಟ್ಟಿಸುತ್ತದೆ. ಆ ದೀಪವು ನಮ್ಮ ಹತ್ತಿಯ ದೀಪ. ಕಡಲಿನಲ್ಲಿ ಎಂಥ ಬೆಳಕು ಬೇಕು, ಎಷ್ಟು ಬೇಕು, ಯಾರ ಕಣ್ಣಿಗಾಗಿ ಬೇಕು ಎಂಬ ಪ್ರಶ್ನೆಯು ನಮ್ಮ ನಾಡಿನ ಈ ಭಾಗದಲ್ಲಿ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಏಳಲು ಕಾರಣವಾದದ್ದು ಆ ಹತ್ತಿಯೇ.

ಹುಬ್ಬಳ್ಳಿಗೂ ಕಡಲಿಗೂ ಇದ್ದ ನಂಟು ಹತ್ತಿಯ ಕಾಲಕ್ಕಿಂತಲೂ ಹಳೆಯದು. 1638ರಲ್ಲಿ ಸರ್ ವಿಲಿಯಂ ಕೋರ್ಟೀನನ ಮಂಡಲಿಯು ಕಾರವಾರದಲ್ಲಿ ವ್ಯಾಪಾರದ ಕೋಠಿಯನ್ನು ಹೂಡಿದಾಗ, ಅದರ ಮುಂದೆ ಆ ಕೋಠಿಯು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಾಗ, ಅಲ್ಲಿಂದ ಹೊರಟ ಹಡಗುಗಳಲ್ಲಿ ಕರಾವಳಿಯ ಮೆಣಸಿನೊಡನೆ ಘಟ್ಟದ ಮೇಲಣ ನೇಕಾರರ ನಯವಾದ ಬಟ್ಟೆಯೂ ಹೋಗುತ್ತಿತ್ತು; ಆ ಬಟ್ಟೆಯನ್ನು ಕೂಡಿಹಾಕುವ ಮುಖ್ಯ ಪೇಟೆಯು ಹುಬ್ಬಳ್ಳಿಯಾಗಿತ್ತು. 1673ರಲ್ಲಿ ಶಿವಾಜಿಯ ಅಧಿಕಾರಿಯಾದ ಅಣ್ಣಾಜಿ ದತ್ತೋ ಹುಬ್ಬಳ್ಳಿಯನ್ನು ಸುಲಿದಾಗ ಇಂಗ್ಲಿಷರು ತಮಗಾದ ನಷ್ಟವನ್ನು ಏಳು ಸಾವಿರಕ್ಕೂ ಮಿಕ್ಕಿದ ಹೊನ್ನುಗಳೆಂದು ಲೆಕ್ಕ ಹಾಕಿ ಪರಿಹಾರವನ್ನು ಬೇಡಿದರೆಂಬ ಸಂಗತಿಯೊಂದೇ, ಈ ಒಳನಾಡಿನ ಪೇಟೆಯು ಕಡಲಾಚೆಯ ವ್ಯಾಪಾರದಲ್ಲಿ ಎಷ್ಟು ಆಳವಾಗಿ ಸೇರಿಕೊಂಡಿತ್ತೆಂಬುದಕ್ಕೆ ಸಾಕ್ಷಿಯಾಗಿದೆ. ಆದರೆ ಆ ಕಾಲದ ಹಡಗುಗಳಿಗೆ ದೀಪಸ್ತಂಭವಿರಲಿಲ್ಲ. ಅದರ ಅಗತ್ಯವೂ ಅಷ್ಟಾಗಿ ತೋರಿರಲಿಲ್ಲ. ಹಗಲಿನಲ್ಲಿ ಸದಾಶಿವಗಡದ ಗುಡ್ಡ, ಅಂಜದೀವ, ಕೂರ್ಮಗಡ, ದೇವಗಡಗಳ ಆಕಾರ, ಅವುಗಳ ಹಿಂದೆ ನಿಂತ ಘಟ್ಟದ ಸಾಲು, ಇವನ್ನು ಒಂದಕ್ಕೊಂದು ಹೊಂದಿಸಿ ನೋಡಿ ನಾವೆಯನ್ನು ನಡೆಸುವ ತಾಂಡೇಲನು ದಾರಿಯನ್ನು ಹಿಡಿಯುತ್ತಿದ್ದನು. ಕತ್ತಲಾದರೆ ದಡಕ್ಕೆ ಸಮೀಪಿಸುವ ಸಾಹಸವನ್ನು ಮಾಡದೆ ಲಂಗರನ್ನಿಳಿಸಿ ಬೆಳಗನ್ನು ಕಾಯುತ್ತಿದ್ದನು. ಕಾಲವು ಅವನ ಕೈಯಲ್ಲಿ ಧಾರಾಳವಾಗಿದ್ದಿತು. ಮಳೆಗಾಲದಲ್ಲಿ ಮುಚ್ಚಿದ ಕಡಲು ನೂಲ ಹುಣ್ಣಿಮೆಯ ದಿನ ತೆಂಗಿನಕಾಯಿಯನ್ನು ಅರ್ಪಿಸಿಕೊಂಡ ಮೇಲೆ ತೆರೆಯುವದು. ಆಮೇಲೆ ಮುಂದಿನ ಮೃಗಶಿರದ ಮಳೆಯವರೆಗೆ ಅವನಿಗೆ ಅವಸರವೆಂಬುದಿಲ್ಲ.

ಅವಸರವನ್ನು ತಂದದ್ದು ಹತ್ತಿ. ಧಾರವಾಡ ಸೀಮೆಯ ಎರೆ ನೆಲದಲ್ಲಿ ಮುಂಗಾರು ಕಳೆಯುತ್ತಿರುವಂತೆ ಬಿತ್ತಿದ ಹತ್ತಿಯು ಮಾಘದಿಂದ ಚೈತ್ರದವರೆಗೆ ಒಡೆಯುತ್ತದೆ. ಬಿಡಿಸಿದ ಹತ್ತಿಯಿಂದ ಕಾಳನ್ನು ಬೇರ್ಪಡಿಸಬೇಕು. ಜವಾರಿ ಹತ್ತಿಯಾದರೆ ಹೆಣ್ಣುಮಕ್ಕಳು ಚಪ್ಪಟೆಗಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಉರುಳಿಸಿ ಅರಳೆಯನ್ನು ಬಿಡಿಸುತ್ತಿದ್ದರು. 1840ರ ದಶಕದಲ್ಲಿ ಸರಕಾರವು ತರಿಸಿ ಹಬ್ಬಿಸಿದ ಅಮೇರಿಕೆಯ ಬೀಜದ ಹತ್ತಿಗಾದರೆ, ಅದರ ಕಾಳು ಅರಳೆಯನ್ನು ಬಿಗಿಯಾಗಿ ಹಿಡಿದಿರುವದರಿಂದ, ಗರಗಸದ ಹಲ್ಲುಗಳುಳ್ಳ ಯಂತ್ರವೇ ಬೇಕಾಗಿತ್ತು. ಆ ಯಂತ್ರಗಳನ್ನು ಸಿದ್ಧಪಡಿಸಿ ರಿಪೇರಿ ಮಾಡಿಕೊಡುವ ಸರಕಾರೀ ಕಾರಖಾನೆಯೊಂದು ಧಾರವಾಡದಲ್ಲಿ ಡಾಕ್ಟರ್ ಫೋರ್ಬ್ಸ್ ಎಂಬವರ ಮೇಲ್ವಿಚಾರಣೆಯಲ್ಲಿ ನಡೆಯುತ್ತಿದ್ದಿತು. ಇಷ್ಟೆಲ್ಲ ಆಗಿ ಅಂಡಿಗೆಗಳನ್ನು ಕಟ್ಟಿ ಬಂಡಿಗಳಲ್ಲಿ ಹೇರುವ ಹೊತ್ತಿಗೆ ವೈಶಾಖವು ಸಮೀಪಿಸಿರುತ್ತಿತ್ತು. ಎದುರಿಗೆ ನೂರು ಮೈಲಿಗಳ ದಾರಿ, ಘಟ್ಟದ ಇಳಿಜಾರು, ಅದರಾಚೆ ಕುಮಟೆಯ ತೆರೆದ ಕಡಲದಂಡೆ. ಲಂಬಾಣಿಗಳ ಹೇರೆತ್ತುಗಳ ಕಾಲ ಕಳೆದು ಬಂಡಿಯ ರಸ್ತೆಗಳು ಆದ ಮೇಲೂ ಆ ಪ್ರಯಾಣವು ಹಗುರಾದದ್ದಾಗಿರಲಿಲ್ಲ. ಕುಮಟೆಯಿಂದ ಪತ್ತೆಮಾರಿಗಳೆಂಬ ಹಾಯಿಹಡಗುಗಳು ಅಂಡಿಗೆಗಳನ್ನು ಮುಂಬಯಿಗೆ ಒಯ್ಯುತ್ತಿದ್ದವು. ಅಲ್ಲಿ ಅವನ್ನು ಒತ್ತಿ, ಬಿಗಿದು, ದೊಡ್ಡ ಹಡಗುಗಳಿಗೆ ಏರಿಸಿ ಲಿವರಪೂಲಿಗೆ ಕಳಿಸುತ್ತಿದ್ದರು. ಕುಮಟೆಯ ಮೂಲಕ ಹೋದದ್ದರಿಂದ ಧಾರವಾಡದ ಜವಾರಿ ಹತ್ತಿಯು ಹೊರಗಿನ ಪೇಟೆಗಳಲ್ಲಿ ಕುಮಟಾ ಹತ್ತಿಯೆಂದೇ ಪ್ರಸಿದ್ಧವಾಯಿತು. ಮಳೆಗೆ ಮುಂಚೆ ಬಂದರವನ್ನು ಮುಟ್ಟದೆ ಉಳಿದ ಅಂಡಿಗೆಯು ನಾಲ್ಕು ತಿಂಗಳು ಗೋದಾಮಿನಲ್ಲಿ ಕೊಳೆಯಬೇಕು, ಅಥವಾ ಘಟ್ಟದ ಕೆಸರಿನಲ್ಲಿ ನೆನೆಯಬೇಕು. ಆದಕಾರಣ ಆ ಆರೆಂಟು ವಾರಗಳಲ್ಲಿ ಬಂಡಿಯವನಿಗೆ ಹೇಗೋ ಹಾಗೆ ನಾವೆಯವನಿಗೂ ಇರುಳೆಂಬುದು ವಿಶ್ರಾಂತಿಯ ವೇಳೆಯಾಗಿ ಉಳಿಯಲಿಲ್ಲ.

ಮ್ಯಾಂಚೆಸ್ಟರಿನ ಗಿರಣಿಕಾರರು ಈ ದಾರಿಯ ಮೇಲೆ ಕಣ್ಣಿಟ್ಟದ್ದು ಇದೇ ಕಾಲದಲ್ಲಿ. ಅಮೇರಿಕೆಯ ಹತ್ತಿಯೊಂದನ್ನೇ ನಂಬಿ ಕೂಡುವದು ಅಪಾಯಕರವೆಂದು ಬಗೆದು ಅವರು 1857ರಲ್ಲಿ ಹತ್ತಿಯ ಪೂರೈಕೆಗಾಗಿ ಸಂಘವೊಂದನ್ನು ಕಟ್ಟಿದರು. 1861ರಲ್ಲಿ ಅಮೇರಿಕೆಯ ಅಂತರ್ಯುದ್ಧವು ಆರಂಭವಾಗಿ ದಕ್ಷಿಣದ ಬಂದರಗಳು ಮುಚ್ಚಿದಾಗ ಆ ಆತಂಕವು ಪ್ರತ್ಯಕ್ಷವಾಗಿ ಪರಿಣಮಿಸಿತು. ಆಗ ಧಾರವಾಡದ ಹತ್ತಿಗೆ ಒಳ್ಳೆಯ ಬಂದರವು ಬೇಕಾಯಿತು. ಕುಮಟೆಯ ದಂಡೆಯು ಗಾಳಿಗೆ ತೆರೆದದ್ದು, ಹಡಗಿಗೆ ಮರೆಯಿಲ್ಲದ್ದು. ಕಾರವಾರದ ಬೈತಖೋಲವಾದರೋ ಗುಡ್ಡದ ಮರೆಯಲ್ಲಿ ಶಾಂತವಾಗಿರುವ ಕೊಲ್ಲಿ. ಮುಂಬಯಿಗೂ ಕೊಚ್ಚಿಗೂ ನಡುವೆ ಸರ್ವಋತುಗಳಲ್ಲಿಯೂ ಹಡಗಿಗೆ ಆಶ್ರಯ ಕೊಡಬಲ್ಲ ಸ್ಥಳವು ಇದೊಂದೇ ಎಂದು ಅದರ ಪಕ್ಷಪಾತಿಗಳು ವಾದಿಸಿದರು. ಆದರೆ ಹತ್ತಿ ಬೆಳೆಯುವ ಧಾರವಾಡವು ಮುಂಬಯಿ ಇಲಾಖೆಯಲ್ಲಿದ್ದರೆ, ಹತ್ತಿ ಇಳಿಯಬೇಕಾದ ಕಾರವಾರವು ಮದ್ರಾಸ ಇಲಾಖೆಯಲ್ಲಿತ್ತು. ಒಂದೇ ರಸ್ತೆಯ ಮೇಲ್ದುದಿಗೆ ಒಬ್ಬ ಒಡೆಯ, ಕೆಳದುದಿಗೆ ಇನ್ನೊಬ್ಬ ಒಡೆಯ. ರಸ್ತೆಯ ಕೆಲಸವೂ ಬಂದರದ ಕೆಲಸವೂ ಕುಂಟುತ್ತಿವೆಯೆಂದು ದೂರುಗಳು ಏಳಲಾಗಿ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸದಿಂದ ಬೇರ್ಪಡಿಸಿ ಮುಂಬಯಿಗೆ ಕೂಡಿಸಿದರು. ಹತ್ತಿಯ ಅಂಡಿಗೆಗಾಗಿ ಒಂದು ಜಿಲ್ಲೆಯ ಆಡಳಿತದ ಗಡಿಯೇ ಕದಲಿತು. ಮೀನುಗಾರರ ಹಳ್ಳಿಯಾಗಿದ್ದ ಕಾರವಾರವು ಜಿಲ್ಲೆಯ ಮುಖ್ಯಪಟ್ಟಣವಾಗಿ ಬೆಳೆಯತೊಡಗಿತು. ಹುಬ್ಬಳ್ಳಿಯಿಂದ ಅರಬೈಲ ಘಟ್ಟದ ಮೂಲಕ, ಕೈಗಾ ಘಟ್ಟದ ಮೂಲಕ ಬಂಡಿಯ ದಾರಿಗಳು ಸುಧಾರಿಸಿದವು. ಹತ್ತಿಯಲ್ಲಿ ಕಾಳು-ಕಸ ಬೆರೆಸಿ ತೂಕ ಹೆಚ್ಚಿಸುವ ಮೋಸವನ್ನು ತಡೆಯಲು 1863ರಲ್ಲಿ ಮುಂಬಯಿ ಸರಕಾರವು ಕಾಯಿದೆಯನ್ನೂ ಮಾಡಿತು. ಅದರ ಮರುವರುಷವೇ ದೇವಗಡದ ದೀಪವು ಉರಿಯಿತು.

ಈ ದೀಪವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಕಡಲಿಗೆ ಬೆಳಕನ್ನು ಆಯ್ದುಕೊಳ್ಳುವಾಗ ಎದುರಾಗುವ ಎಲ್ಲ ಪ್ರಶ್ನೆಗಳೂ ಅದರಲ್ಲಿ ಅಡಗಿವೆ. ಮೊದಲನೆಯ ಪ್ರಶ್ನೆಯು ಸ್ಥಾನದ್ದು. ದೀಪವನ್ನು ಊರಿನ ಗುಡ್ಡದ ಮೇಲೆ ಇಡುವದು ಕಟ್ಟುವವರಿಗೂ ಕಾಯುವವರಿಗೂ ಸುಲಭ. ಆದರೆ ದಡಕ್ಕೆ ಬರುವ ಹಡಗಿಗೆ ಅಪಾಯವಿರುವದು ಊರಿನಲ್ಲಲ್ಲ, ಊರಿನ ಮುಂದಿನ ದ್ವೀಪ-ಬಂಡೆಗಳಲ್ಲಿ. ಆದ್ದರಿಂದ ಇಂಗ್ಲಿಷರು ಆಯ್ಸ್ಟರ್ ರಾಕ್ ಎಂದು ಕರೆದ ದೇವಗಡವನ್ನೇ ಆರಿಸಿ, ಕಲ್ಲು-ಸುಣ್ಣ-ನೀರು-ಎಣ್ಣೆಗಳನ್ನೆಲ್ಲ ದೋಣಿಯಲ್ಲಿ ಸಾಗಿಸುವ ಕಷ್ಟವನ್ನು ಒಪ್ಪಿಕೊಂಡು, ಆ ದ್ವೀಪದ ಶಿಖರದಲ್ಲಿ ದುಂಡಗಿನ ಬಿಳಿಯ ಕಲ್ಲಿನ ಗೋಪುರವನ್ನು ಎಬ್ಬಿಸಿದರು. ಎರಡನೆಯದು ಎತ್ತರದ ಪ್ರಶ್ನೆ. ಭೂಮಿಯು ದುಂಡಗಿರುವದರಿಂದ ದೀಪವು ಎಷ್ಟೇ ಪ್ರಖರವಾಗಿರಲಿ, ನೀರಿನ ಉಬ್ಬಿನಾಚೆಗೆ ಅದು ಕಾಣಲಾರದು. ಇನ್ನೂರು ಅಡಿಗಳ ಎತ್ತರದಲ್ಲಿರುವ ದೀಪದಿಂದ ದಿಗಂತಕ್ಕೆ ಸುಮಾರು 16 ಕಡಲ ಮೈಲಿಗಳ ಅಂತರ, ಹಡಗಿನಲ್ಲಿ 15 ಅಡಿಗಳ ಎತ್ತರದಲ್ಲಿ ನಿಂತವನ ಕಣ್ಣಿಗೆ ಇನ್ನು ನಾಲ್ಕು ಮೈಲಿಗಳು ಕೂಡುವವು, ಒಟ್ಟು ಇಪ್ಪತ್ತು. ದೇವಗಡದ ದೀಪವು ಕಡಲಮಟ್ಟದಿಂದ ಇನ್ನೂರು ಅಡಿಗಳಿಗೂ ತುಸು ಮೇಲಿದ್ದು ಇಪ್ಪತ್ತು ಮೈಲಿಗಳವರೆಗೆ ಕಾಣುವದೆಂದು ಹಳೆಯ ಗ್ಯಾಸೆಟಿಯರು ಹೇಳುವದು ಈ ಗಣಿತಕ್ಕೆ ಸರಿಯಾಗಿಯೇ ಇದೆ. ಅಂದಮೇಲೆ ಅದಕ್ಕಿಂತ ಹತ್ತು ಪಟ್ಟು ಹೆಚ್ಚು ಎಣ್ಣೆಯನ್ನು ಸುಟ್ಟಿದ್ದರೂ ದೀಪವೇ ನೇರವಾಗಿ ಕಾಣುವ ದೂರವು ಬೆಳೆಯುತ್ತಿರಲಿಲ್ಲ. ದೂರವನ್ನು ಕೊಟ್ಟದ್ದು ಗುಡ್ಡ.

ಮೂರನೆಯ ಪ್ರಶ್ನೆಯು ಬೆಳಕಿನ ಹಂಚಿಕೆಯದು, ಮತ್ತು ಇದು ಎಲ್ಲಕ್ಕಿಂತಲೂ ಸ್ವಾರಸ್ಯವಾದದ್ದು. ಎಣ್ಣೆಯ ಬತ್ತಿಯು ತನ್ನ ಬೆಳಕನ್ನು ದಶದಿಕ್ಕುಗಳಿಗೂ ಸಮನಾಗಿ ಚೆಲ್ಲುತ್ತದೆ. ಅದರಲ್ಲಿ ಆಕಾಶಕ್ಕೆ ಹೋದದ್ದೂ ಬಂಡೆಯ ಮೇಲೆ ಬಿದ್ದದ್ದೂ ನಾವಿಕನ ಪಾಲಿಗೆ ವ್ಯರ್ಥ. ಫ್ರಾನ್ಸಿನ ಓಗಸ್ಟಿನ್ ಫ್ರೆನೆಲನು ದಪ್ಪವಾದ ಒಂದೇ ಮಸೂರಕ್ಕೆ ಬದಲಾಗಿ ಮೆಟ್ಟಿಲುಮೆಟ್ಟಿಲಾದ ಗಾಜಿನ ಬಳೆಗಳನ್ನು ಜೋಡಿಸಿ, ಮೇಲಕ್ಕೂ ಕೆಳಕ್ಕೂ ಚದರುವ ಕಿರಣಗಳನ್ನು ಬಾಗಿಸಿ ದಿಗಂತದ ಕಡೆಗೆ ತಿರುಗಿಸುವ ಉಪಾಯವನ್ನು ಕಂಡುಹಿಡಿದನು. 1823ರಲ್ಲಿ ಕೋರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಉರಿಯಿತು. ದೇವಗಡಕ್ಕೆ ಬಂದದ್ದು ಈ ಪರಂಪರೆಯ ಮಸೂರದ ದೀಪವೇ. ಅದರಲ್ಲಿಯೂ ಎರಡು ಬಗೆ: ಗಡಿಯಾರದಂಥ ಯಂತ್ರದಿಂದ ಮಸೂರವನ್ನು ತಿರುಗಿಸಿ ಬೆಳಕನ್ನು ಕೆಲವೇ ಕಿರಣದಂಡಗಳಲ್ಲಿ ಕೂಡಿಸಿ ಮಿಂಚಿಸುವದು ಒಂದು, ಮಸೂರವನ್ನು ಸುತ್ತಲೂ ನಿಲ್ಲಿಸಿ ಎಲ್ಲ ದಿಕ್ಕಿಗೂ ಏಕಪ್ರಕಾರವಾಗಿ ಬೆಳಗಿಸುವದು ಇನ್ನೊಂದು. ಮಿಂಚುವ ದೀಪವು ಹೆಚ್ಚು ಪ್ರಖರವೂ ಹೌದು, ಬೇರೆ ಬೆಳಕುಗಳೊಡನೆ ಗೊಂದಲವಾಗದ್ದೂ ಹೌದು. ಆದರೆ ಅದಕ್ಕೆ ಯಂತ್ರ ಬೇಕು, ಯಂತ್ರವನ್ನು ಬಲ್ಲವರು ಬೇಕು. ಕಾರವಾರಕ್ಕೆ ಆಗ ಆಯ್ದುಕೊಂಡದ್ದು ಸ್ಥಿರವಾದ ಬಿಳಿಯ ದೀಪವನ್ನು. ಒಂದು ದ್ವೀಪ, ಕೆಲವೇ ಕಾವಲುಗಾರರು, ವರುಷದಲ್ಲಿ ನಾಲ್ಕು ತಿಂಗಳು ದೋಣಿಯೂ ಹತ್ತಿರ ಬಾರದಂಥ ಮಳೆಗಾಲ, ಇವನ್ನು ನೆನೆದರೆ ಆ ಆಯ್ಕೆಯು ವಿವೇಕದ ಆಯ್ಕೆಯೆಂದು ನನಗೆ ತೋರುತ್ತದೆ. ಕೆಡದಿರುವ ದೀಪವು ಪ್ರಖರವಾದ ದೀಪಕ್ಕಿಂತ ಮೇಲು.

ದೀಪಸ್ತಂಭವು ಹಡಗಿಗೆ ದಾರಿಯನ್ನು ತೋರುವದಿಲ್ಲ. ತಾನಿರುವ ಸ್ಥಾನವನ್ನು ಮಾತ್ರ ತೋರುತ್ತದೆ. ಬೆಳಕಿಗೆ ಎರಡು ಕಾರ್ಯಗಳುಂಟು: ನಾವು ಕಾಣುವದಕ್ಕಾಗಿ ಹಿಡಿಯುವ ಬೆಳಕು ಒಂದು, ಪರರು ನಮ್ಮನ್ನು ಕಾಣಲೆಂದು ತೋರುವ ಬೆಳಕು ಇನ್ನೊಂದು. ಹತ್ತಿಯ ಚಕ್ಕಡಿಯ ಅಡಿಯಲ್ಲಿ ತೂಗಾಡುವ ಕಂದೀಲಿನಿಂದ ಬಂಡಿಯವನಿಗೆ ಮುಂದಿನ ದಾರಿಯು ಕಾಣುವದಿಲ್ಲ. ಎತ್ತುಗಳಿಗೆ ದಾರಿಯು ಗೊತ್ತು. ಹಿಂದಿನಿಂದ, ಮುಂದಿನಿಂದ ಬರುವ ಬಂಡಿಯು ಇದನ್ನು ಕಂಡು ಸರಿಯಲೆಂದೇ ಆ ಕಂದೀಲು ಅಲ್ಲಿರುವದು. ನಾವೆಯ ದೀಪಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಗೆ ಸೇರಿದವು. ದೇವಗಡದ ದೀಪವು ಉರಿಯುವದಕ್ಕೆ ಒಂದು ವರುಷ ಮೊದಲು, 1863ರಲ್ಲಿ, ಇಂಗ್ಲಂಡವೂ ಫ್ರಾನ್ಸವೂ ಕೂಡಿ ಸಮುದ್ರದಲ್ಲಿ ಹಡಗುಗಳು ಒಂದನ್ನೊಂದು ಹಾಯದಂತೆ ನಿಯಮಗಳನ್ನು ಮಾಡಿಕೊಂಡವು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಉಗಿಹಡಗಾದರೆ ಮುಂದಿನ ಕೂವೆಯಲ್ಲಿ ಬಿಳಿಯದು ಎಂಬ ಪದ್ಧತಿಯು ಅಲ್ಲಿ ಸ್ಥಿರಪಟ್ಟಿತು. ಎದುರಿಗೆ ಬರುವ ನಾವೆಯ ಕೆಂಪು ದೀಪ ಕಂಡರೆ ಅದರ ಎಡಮಗ್ಗುಲು ನಮ್ಮ ಕಡೆಗಿದೆ, ಹಸಿರು ಕಂಡರೆ ಬಲಮಗ್ಗುಲು, ಎರಡೂ ಕಂಡರೆ ಅದು ನೇರ ನಮ್ಮ ಮೇಲೆಯೇ ಬರುತ್ತಿದೆ. ಹುಬ್ಬಳ್ಳಿಯ ರೇಲ್ವೆ ಗಾರ್ಡಿನ ಕೈದೀಪದಲ್ಲಿ ಇವೇ ಮೂರು ಬಣ್ಣಗಳಿದ್ದುದನ್ನು ಕಂಡವರಿಗೆ ಆ ಭಾಷೆಯು ಅಪರಿಚಿತವೆನಿಸದು, ಅರ್ಥಗಳು ಬೇರೆಯಾದರೂ.

ಹತ್ತಿಯ ವೈಭವವು ಬಹುಕಾಲ ಉಳಿಯಲಿಲ್ಲ. 1865ರಲ್ಲಿ ಅಮೇರಿಕೆಯ ಯುದ್ಧವು ಮುಗಿಯುತ್ತಲೇ ಬೆಲೆಗಳು ಕುಸಿದು ಮುಂಬಯಿಯಲ್ಲಿ ಸಾಹುಕಾರರ ಮನೆಗಳು ಉರುಳಿದವು. ಅದರ ಪೆಟ್ಟು ನಮ್ಮ ರೈತನಿಗೂ ತಗಲಿತು. ಆದರೂ ಕಾರವಾರದ ದಾರಿಯು ಹಾಳುಬೀಳಲಿಲ್ಲ. 1876ರಿಂದ 1878ರವರೆಗೆ ಧಾರವಾಡ-ಕಲಾದಗಿ ಜಿಲ್ಲೆಗಳನ್ನು ಭಯಂಕರವಾದ ಬರವು ಕಾಡಿದಾಗ, ಹತ್ತಿಯು ಇಳಿದಿದ್ದ ಅದೇ ಘಟ್ಟಗಳನ್ನು ಮುಂಬಯಿಯಿಂದ ಕಡಲ ಮೂಲಕ ಬಂದ ಧಾನ್ಯವು ಏರಿತು. ಹತ್ತಿಯನ್ನು ಹೊರಗೆ ಒಯ್ಯಲೆಂದು ಹಚ್ಚಿದ ದೀಪವು ಹಸಿದವರಿಗೆ ಕಾಳನ್ನು ಒಳಗೆ ತರುವ ನಾವೆಗಳಿಗೂ ಗುರುತಾಯಿತು. ಕಾರವಾರದಿಂದ ಹುಬ್ಬಳ್ಳಿಗೆ ರೇಲ್ವೆಯನ್ನು ಹಾಕಬೇಕೆಂಬ ಪ್ರಸ್ತಾಪವು ಆ ಕಾಲದಲ್ಲಿ ಮತ್ತೆ ಮತ್ತೆ ಎದ್ದಿತು. ಆದರೆ 1878ರಲ್ಲಿ ಬ್ರಿಟಿಷರಿಗೂ ಪೋರ್ತುಗೀಜರಿಗೂ ಆದ ಒಪ್ಪಂದದಿಂದ ಅದೃಷ್ಟವು ಗೋವೆಯ ಪಾಲಾಯಿತು. ಮಾರ್ಮಗೋವಾ ಬಂದರದಿಂದ ಕ್ಯಾಸಲರಾಕಿನ ಮೂಲಕ ಬಂದ ಹಳಿಯು 1888ರ ಹೊತ್ತಿಗೆ ಸದರ್ನ್ ಮರಾಠಾ ರೇಲ್ವೆಯೊಡನೆ ಕೂಡಿಕೊಂಡಿತು. ಹುಬ್ಬಳ್ಳಿಯು ಆ ರೇಲ್ವೆಯ ಕೇಂದ್ರವಾಯಿತು. ನೂರು ಮೈಲಿಗಳ ಬಂಡಿಯ ಪ್ರಯಾಣವು ಒಂದೆರಡು ವರುಷಗಳಲ್ಲಿಯೇ ಹಳೆಯ ಸಂಗತಿಯಾಯಿತು. ಕುಮಟೆ-ಕಾರವಾರಗಳ ವ್ಯಾಪಾರವು ಕುಗ್ಗಿತು. ಹುಬ್ಬಳ್ಳಿಯು ಕಡಲನ್ನು ಮರೆತದ್ದು ಆಗಲೇ ಎಂದು ನಾನು ತಿಳಿಯುತ್ತೇನೆ. 1990ರ ದಶಕದ ಕೊನೆಯಲ್ಲಿ ಹುಬ್ಬಳ್ಳಿ-ಅಂಕೋಲಾ ರೇಲ್ವೆಯ ಕನಸು ಮತ್ತೆ ಜೀವ ತಳೆದು ಮಂಜೂರಾತಿಯನ್ನು ಪಡೆದರೂ, ಕಾಡಿನ ರಕ್ಷಣೆಯ ಗಂಭೀರವಾದ ಪ್ರಶ್ನೆಯಲ್ಲಿ ಸಿಕ್ಕು ಅದು ಇನ್ನೂ ಕಡಲನ್ನು ಮುಟ್ಟಿಲ್ಲ.

ಹಿಂದೆ ಹೇಳಿದ ಎರಡು ಬಗೆಯ ಬೆಳಕುಗಳಲ್ಲಿ, ಕಾಣುವದಕ್ಕಾಗಿ ಹಿಡಿಯುವ ಬೆಳಕಿನ ಕಥೆಯು ದೀಪಸ್ತಂಭದ ಕಥೆಗಿಂತ ಈಚಿನದು. ಎರಡು ಇದ್ದಿಲ ಕಡ್ಡಿಗಳ ನಡುವೆ ವಿದ್ಯುತ್ತನ್ನು ಹಾಯಿಸಿ, ಹಿಂದೆ ಬಾಗಿದ ಕನ್ನಡಿಯನ್ನಿಟ್ಟು ಕಿರಣವನ್ನು ದೂರಕ್ಕೆ ಎಸೆಯುವ ಶೋಧದೀಪವು ಯುದ್ಧದ ಹಡಗುಗಳಿಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡಿತು. ಆದರೆ ಅದರ ಶಾಂತಿಕಾಲದ ಒಂದು ದೊಡ್ಡ ಉಪಯೋಗವು ಸುವೇಜ ಕಾಲುವೆಯಲ್ಲಿ ಕಂಡಿತು. 1869ರಲ್ಲಿ ತೆರೆದ ಆ ಕಾಲುವೆಯು ಮುಂಬಯಿಯಿಂದ ಹೊರಟ ಹತ್ತಿಗೆ ಆಫ್ರಿಕೆಯ ಸುತ್ತನ್ನು ತಪ್ಪಿಸಿತ್ತು. ಆದರೂ ಕತ್ತಲಾದೊಡನೆ ಹಡಗುಗಳೆಲ್ಲ ಕಾಲುವೆಯ ಬದಿಗೆ ಕಟ್ಟಿಕೊಂಡು ನಿಲ್ಲಬೇಕಾಗುತ್ತಿತ್ತು. 1887ರಿಂದ, ಮೂತಿಯಲ್ಲಿ ವಿದ್ಯುತ್ತಿನ ಶೋಧದೀಪವನ್ನು ಹೊತ್ತ ಹಡಗುಗಳಿಗೆಲ್ಲ ಇರುಳಿನಲ್ಲಿಯೂ ಹಾಯ್ದುಹೋಗುವ ಅನುಮತಿಯು ದೊರೆಯಿತು; ದಾಟುವ ವೇಳೆಯು ಬಹಳ ಕಡಿಮೆಯಾಯಿತು. ಇಂದಿಗೂ ಆ ಕಾಲುವೆಯಲ್ಲಿ ಹೋಗುವ ಹಡಗಿಗೆ ಅಂಥ ದೀಪವಿರಬೇಕೆಂಬ ನಿಯಮವಿದೆ: 1800 ಮೀಟರುಗಳ ದೂರವನ್ನು ಅದು ಬೆಳಗಬೇಕು, ಅಷ್ಟೇ ಅಲ್ಲ, ಬೇಕಾದಾಗ ಕಿರಣವನ್ನು ಎರಡಾಗಿ ಸೀಳಿ, ನಡುವೆ ಕತ್ತಲನ್ನು ಬಿಟ್ಟು, ಎಡಬಲದ ದಂಡೆಗಳನ್ನು ಮಾತ್ರ ಬೆಳಗಿಸುವಂತಿರಬೇಕು. ಎದುರಿನ ಹಡಗನ್ನು ನಡೆಸುವವನ ಕಣ್ಣು ಕುಕ್ಕಬಾರದೆಂಬ ಕಾಳಜಿ ಅದರಲ್ಲಿದೆ. ಪ್ರಬಲವಾದ ಬೆಳಕಿನ ಜೊತೆಯಲ್ಲಿಯೇ ಅದನ್ನು ತಡೆಯುವ ಉಪಾಯವನ್ನೂ ಕೂಡಿಸಿದ ಆ ವಿವೇಕವು ಎಲ್ಲ ನಾವೆಗಳಿಗೂ ಮಾದರಿಯಾಗಿದೆ.

ನಮ್ಮ ಕರಾವಳಿಯ ಸಣ್ಣ ದೋಣಿಗಳಿಗೆ ಬೆಳಕು ಬಂದ ಕ್ರಮವೇ ಬೇರೆ. ತೆಂಗಿನ ಗರಿಯ ಸೂಡಿ, ಎಣ್ಣೆಯ ದೊಂದಿ, ಅನಂತರ ಸೀಮೆಎಣ್ಣೆಯ ಕಂದೀಲು, ಆಮೇಲೆ ನಾವು ಗ್ಯಾಸಬತ್ತಿಯೆಂದು ಕರೆದ ಪೆಟ್ರೋಮ್ಯಾಕ್ಸ. ಓಗಲೆವಾಡಿಯ ಪ್ರಭಾಕರ ಕಂದೀಲು ನಮ್ಮ ಮುಂಬಯಿ ಕರ್ನಾಟಕದ ಮನೆಮನೆಗಳಲ್ಲಿ ತೂಗಿದ್ದನ್ನು ಹಿರಿಯರು ಬಲ್ಲರು. ಹುಬ್ಬಳ್ಳಿಯ ಮದುವೆಯ ಮೆರವಣಿಗೆಗಳಲ್ಲಿ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ ಗ್ಯಾಸಬತ್ತಿಯೇ ಕಾರವಾರ-ಅಂಕೋಲೆಗಳ ದೋಣಿಯಲ್ಲಿ ಮೀನನ್ನು ಬಲೆಯ ಕಡೆಗೆ ಸೆಳೆಯುವ ಬೆಳಕಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಬಂದ ಕೈದೀಪವನ್ನು ಜನರು ಅದರ ಒಡಲಿನ ಹೆಸರಿನಿಂದಲೇ ಬ್ಯಾಟರಿಯೆಂದು ಕರೆದರು. ಎರಡು ಸೆಲ್ಲಿನದು ಮನೆಗೆ, ಮೂರು ಸೆಲ್ಲಿನದು ಹೊಲಕ್ಕೆ, ಐದು ಸೆಲ್ಲಿನದು ದೋಣಿಗೂ ಕಾಡಿನ ಕಾವಲಿಗೂ ಎಂದು ಉದ್ದವನ್ನು ನೋಡಿಯೇ ಕೊಳ್ಳುವದು ವಾಡಿಕೆಯಾಯಿತು. ಆ ವಾಡಿಕೆಯಲ್ಲಿ ತಥ್ಯವಿತ್ತಾದರೂ ಪೂರ್ಣ ಸತ್ಯವಿರಲಿಲ್ಲ.

ಏಕೆಂದರೆ ದೀಪದಿಂದ ಒಟ್ಟು ಹೊರಡುವ ಬೆಳಕು ಒಂದು ಅಳತೆ, ಒಂದೇ ದಿಕ್ಕಿಗೆ ಅದು ಎಷ್ಟು ತೀಕ್ಷ್ಣವಾಗಿ ಹೋಗುತ್ತದೆಂಬುದು ಮತ್ತೊಂದು. ಮೊದಲನೆಯದನ್ನು ಲುಮೆನ್ನುಗಳಲ್ಲಿಯೂ ಎರಡನೆಯದನ್ನು ಕ್ಯಾಂಡೆಲಾಗಳಲ್ಲಿಯೂ ಎಣಿಸುತ್ತಾರೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವದು ಬಹುಮಟ್ಟಿಗೆ ಲುಮೆನ್ನು, ಆದರೆ ದೂರದ ಬಂಡೆಯನ್ನೋ ತೇಲುವ ಬಲೆಯ ಗುರುತನ್ನೋ ಕಾಣಿಸುವದು ಕ್ಯಾಂಡೆಲಾ. ಹುಣ್ಣಿಮೆಯ ಚಂದ್ರನಷ್ಟು ಮಂದವಾದ ಬೆಳಕು ಬೀಳುವ ದೂರವನ್ನೇ ಕೈದೀಪದ ವ್ಯಾಪ್ತಿಯೆಂದು ಇಂದು ಗಣಿಸುತ್ತಾರೆ. ಆ ಲೆಕ್ಕದಲ್ಲಿ 10,000 ಕ್ಯಾಂಡೆಲಾಗಳ ದೀಪವು 200 ಮೀಟರುಗಳನ್ನು ಮುಟ್ಟಿದರೆ, 400 ಮೀಟರುಗಳನ್ನು ಮುಟ್ಟಲು 20,000 ಸಾಲದು, 40,000 ಬೇಕು. ದೂರವು ಇಮ್ಮಡಿಯಾಗಬೇಕಾದರೆ ತೀಕ್ಷ್ಣತೆಯು ನಾಲ್ಮಡಿಯಾಗಬೇಕು. ಮಂಜಿರಲಿ, ತುಂತುರು ಮಳೆಯಿರಲಿ, ಅತಿ ಪ್ರಖರವಾದ ಕಿರಣವು ನೀರಿನ ಕಣಗಳಿಂದ ಹಿಂದಿರುಗಿ ಹಿಡಿದವನ ಮುಖಕ್ಕೇ ಬಿಳಿಯ ಗೋಡೆಯಾಗಿ ನಿಲ್ಲುವದು. ಆಗ ದೀಪವನ್ನು ಕಣ್ಣಿನ ಮಟ್ಟದಿಂದ ದೂರ, ದೋಣಿಯ ಮೂತಿಯ ಹತ್ತಿರ ಹಿಡಿಯುವದೇ ಉಪಾಯ. ಕತ್ತಲೆಗೆ ಹೊಂದಿಕೊಂಡ ಕಣ್ಣು ಒಮ್ಮೆ ಕುಕ್ಕಿದರೆ ಮತ್ತೆ ಪೂರ್ಣವಾಗಿ ತಿಳಿಯಾಗಲು ಅರ್ಧ ತಾಸಿನಷ್ಟು ಹೊತ್ತು ಹಿಡಿಯುತ್ತದೆ. ನಾವೆಯನ್ನು ನಡೆಸುವವನಿಗೆ ಆ ಅರ್ಧ ತಾಸು ಅಪಾಯದ ಕಾಲ. ಅದಕ್ಕಾಗಿಯೇ ದೋಣಿಯ ಒಳಗಿನ ಕೆಲಸಕ್ಕೆ ಮಂದವಾದ ಕೆಂಪು ಬೆಳಕು ಬೇಕು, ಹೊರಗೆ ಹುಡುಕುವದಕ್ಕೆ ಬೇಕೆಂದಾಗ ಮಾತ್ರ ಹಚ್ಚುವ ಸಂಕುಚಿತ ಕಿರಣದ ದೀಪ ಬೇಕು. ಎರಡನ್ನೂ ಒಂದೇ ದೀಪದಿಂದ ಸಾಧಿಸಲು ಹೋಗುವದು ಲೇಸಲ್ಲ. ಒಂದು ಮೀಟರು ನೀರಿನಲ್ಲಿ ಅರ್ಧ ತಾಸು ಮುಳುಗಿದ್ದರೂ ಕೆಡದಂಥ ದೀಪಗಳು ಈಗ ದೊರೆಯುತ್ತವೆ. ಕೈಜಾರಿದರೆ ತೇಲುವಂಥವೂ ಇವೆ. ಏಳು ಮೀಟರಿಗಿಂತ ಚಿಕ್ಕದಾದ ಹಾಯಿಯ ದೋಣಿಗೂ ಹುಟ್ಟು ಹಾಕುವ ದೋಣಿಗೂ ಬಣ್ಣದ ದೀಪಗಳಿಲ್ಲದಿದ್ದರೂ, ಎದುರಿನ ನಾವೆಗೆ ತಕ್ಕ ಹೊತ್ತಿನಲ್ಲಿ ತೋರಿಸಲು ಬಿಳಿಯ ಬ್ಯಾಟರಿಯಾಗಲಿ ಹಚ್ಚಿದ ಕಂದೀಲಾಗಲಿ ಕೈಗೆಟಕುವಂತಿರಲೇಬೇಕೆಂದು ಅಂತರರಾಷ್ಟ್ರೀಯ ನಿಯಮವು ವಿಧಿಸುತ್ತದೆ. ಅದೇ ನಿಯಮಾವಳಿಯು ಅಪಾಯದ ದಿಕ್ಕಿಗೆ ಶೋಧದೀಪವನ್ನು ತಿರುಗಿಸಿ ಎಚ್ಚರಿಸಲು ಅನುಮತಿಯನ್ನು ಕೊಟ್ಟಿದೆ, ಆದರೆ ಇತರ ನಾವೆಗಳನ್ನು ಗೊಂದಲಕ್ಕೆ ಈಡುಮಾಡಬಾರದೆಂಬ ಕಟ್ಟನ್ನೂ ಹಾಕಿದೆ.

ಬೆಳಕಿನ ಮಿತಿಯನ್ನು ಮರೆತಾಗ ಏನಾಗುವದೆಂಬುದನ್ನು ನಮ್ಮ ಕರಾವಳಿಯೇ ಕಂಡಿದೆ. ಜನರೇಟರುಗಳನ್ನು ಹೊತ್ತ ದೊಡ್ಡ ಬೋಟುಗಳು ಎಲ್‌ಇಡಿ ದೀಪಗಳ ಸಾಲುಗಳನ್ನು ಹಚ್ಚಿ, ಮರಿಮೀನುಗಳ ಸಹಿತ ಹಿಂಡುಹಿಂಡಾಗಿ ಮೀನನ್ನು ಸೆಳೆದು ಬಾಚತೊಡಗಿದಾಗ, ಪಾತಿ-ನಾಡದೋಣಿಗಳ ಖಾರ್ವಿ, ಹರಿಕಂತ್ರ, ಅಂಬಿಗ ಬಾಂಧವರು ತಮ್ಮ ಜೀವನೋಪಾಯವೇ ಹೋಯಿತೆಂದು ಮೊರೆಯಿಟ್ಟರು. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರವು ದೇಶದ ಆರ್ಥಿಕ ವಲಯದ ಕಡಲಿನಲ್ಲಿ ಅಂಥ ಕೃತಕ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ನಿಷೇಧವು ಕಾಗದದಲ್ಲಿ ಉಳಿಯದೆ ನೀರಿನ ಮೇಲೆ ನಡೆಯಬೇಕೆಂಬ ಅವರ ಒತ್ತಾಯವು ನ್ಯಾಯವಾದದ್ದು; ಹುಬ್ಬಳ್ಳಿಯ ಪೇಟೆಯಲ್ಲಿ ಕಾರವಾರದ ಮೀನನ್ನು ಕೊಳ್ಳುವ ನಾವೂ ಅದಕ್ಕೆ ದನಿಗೂಡಿಸಬೇಕು.

ಬೆಳಕಿನ ಮಾತಿನಿಂದ ಮತ್ತೆ ಹತ್ತಿಗೆ ಬಂದರೆ, ಹತ್ತಿಯ ದಾರಿಯ ಲಿಖಿತ ಚರಿತ್ರೆಯು ಇಂದಿಗೂ ಬಹುಮಟ್ಟಿಗೆ ಇಂಗ್ಲಿಷ್ ಅಧಿಕಾರಿಗಳ ವರದಿಗಳನ್ನೇ ಅವಲಂಬಿಸಿದೆ. ಅಂಡಿಗೆಯನ್ನು ಕೊಂಡವನು ಬರೆದದ್ದು ನಮಗೆ ಸಿಕ್ಕುತ್ತದೆ; ಕಟ್ಟಿ ಕಳಿಸಿದವನು ಬರೆದದ್ದು ಸಿಕ್ಕುವದಿಲ್ಲ. ಆದರೆ ಹುಬ್ಬಳ್ಳಿ, ಗದಗು, ಧಾರವಾಡಗಳ ಹಳೆಯ ಅಡತಿ ಮನೆತನಗಳಲ್ಲಿ ಅಜ್ಜ-ಮುತ್ತಜ್ಜಂದಿರ ಕೀರ್ದಿ-ಖಾತೆಗಳು, ಕುಮಟೆ-ಕಾರವಾರಗಳ ಹುಂಡಿಗಳು, ಬಂಡಿ ಬಾಡಿಗೆಯ ಚೀಟಿಗಳು, ಮೋಡಿ ಲಿಪಿಯಲ್ಲಿಯೋ ಕನ್ನಡದಲ್ಲಿಯೋ ಬರೆದವು, ಇನ್ನೂ ಎಲ್ಲಿಯೋ ಪೆಟ್ಟಿಗೆಯಲ್ಲಿ ಇರಲಿಕ್ಕೆ ಸಾಕು. ಮನೆಯನ್ನು ಕೆಡವಿ ಕಟ್ಟುವಾಗ ಅವನ್ನು ರದ್ದಿಗೆ ಹಾಕಬೇಡಿರಿ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆಯಿದೆ. ಕರ್ನಾಟಕ ವಿಶ್ವವಿದ್ಯಾಲಯವಿದೆ, ಕಾರವಾರದ ಕೋಡಿಬಾಗದಲ್ಲಿ ಅದರ ಕಡಲ ಜೀವಶಾಸ್ತ್ರದ ಕೇಂದ್ರವೂ ಇದೆ. ನಿಮ್ಮ ಮನೆಯ ದಪ್ತರವನ್ನು ಅಲ್ಲಿಗೆ ಮುಟ್ಟಿಸಿರಿ. ಮೂಲವನ್ನು ಕೊಡಲು ಮನಸ್ಸಾಗದಿದ್ದರೆ ಪ್ರತಿಯನ್ನಾದರೂ ತೆಗೆಯಗೊಡಿರಿ.